ಕಬ್ಬಿಣ ಕೈಗೂಡಿದ ಮೇಲೆ

ಮಾನ್ವಿಯ ವೇದಶ್ರೀ ರಾಯಚೂರಿನ ಔಷಧ ಕಾರ್ಖಾನೆಯೊಂದರ ಪ್ರಯೋಗಾಲಯ ಸೇರಿದಾಗ ಅಲ್ಲಿ ಎಲ್ಲರ ಬಾಯಲ್ಲೂ ಕಬ್ಬಿಣದ್ದೇ ಮಾತು. ಅಲ್ಲಿ ತಯಾರಾಗುವ ಔಷಧದ ಅಣುವಿಗೆ ಎಡಗೈ ಬಲಗೈಗಳಂತೆ ಎರಡು ರೂಪ. ರೋಗಕ್ಕೆ ನಾಟುವುದು ಬಲಗೈಯದು; ಎಡಗೈಯದು ಬರೀ ಕಸ. ಹೈಡ್ರೋಜನ್ ಸೇರಿಸುವಾಗ ಬಲಗೈಯದೇ ಹುಟ್ಟುವಂತೆ ನೋಡಿಕೊಳ್ಳುತ್ತಿದ್ದುದು ರುಥೇನಿಯಂ ಎಂಬ ದುಬಾರಿ ಲೋಹದ ಕ್ರಿಯಾವರ್ಧಕ. ಆ ಕೆಲಸವನ್ನು ಅಗ್ಗದ ಕಬ್ಬಿಣದಿಂದ ಮಾಡಿಸಿದ್ದೇನೆ ಎನ್ನುತ್ತಿದ್ದ ಮುಖ್ಯಸ್ಥ ಸುಮಂತ. ಫಲಿತಾಂಶವೂ ಹಾಗೇ ಬಂದಿತ್ತು.

ಮಾಲೀಕ ಶಂಭುಲಿಂಗಪ್ಪ ದೇವದುರ್ಗದ ಅಕ್ಕಿ ಗಿರಣಿಯವರು. ಖುಷಿಯಲ್ಲಿ ಎಲ್ಲರನ್ನೂ ಕೃಷ್ಣೆಯ ದಂಡೆಯ ಗೂಗಲ್ ಕ್ಷೇತ್ರಕ್ಕೆ ಕರೆದೊಯ್ದು, ಅಲ್ಲಮಪ್ರಭುವಿಗೆ ಪೂಜೆ ಮಾಡಿಸಿ, ಹೊಳೆದಂಡೆಯಲ್ಲಿ ಊಟ ಹಾಕಿಸಿದರು. ಕಬ್ಬಿಣದ ಕೆಲಸಕ್ಕೆಂದೇ ಹೊಸ ಒತ್ತಡಪಾತ್ರೆ ತರಿಸಿದರು.

ಹೊಸ ಪಾತ್ರೆಯಲ್ಲಿ ಕೆಲಸ ಕೆಟ್ಟಿತು. ಹಾಕಿದ ಕಚ್ಚಾವಸ್ತು ಹಾಕಿದ ಹಾಗೇ ಹೊರಬರುತ್ತಿತ್ತು. ಸುಮಂತ ವೇದಶ್ರೀಯ ಕೈಗುಣವನ್ನು ಬೈದ. ಅವಳಿಗೆ ಅನುಮಾನ ಹತ್ತಿತು. ಮೊದಲು ರುಥೇನಿಯಂ ಕೆಲಸವೂ ಆಮೇಲೆ ಸುಮಂತನ ಕಬ್ಬಿಣದ ಕೆಲಸವೂ ನಡೆದಿದ್ದ ಹಳೆಯ ಪಾತ್ರೆಯನ್ನು ಆಮ್ಲದಿಂದ ತೊಳೆದು ಆ ನೀರನ್ನು ಪರೀಕ್ಷಿಸಿದಳು. ವರ್ಷಾನುಗಟ್ಟಲೆ ಅಂಟಿಕೊಂಡಿದ್ದ ರುಥೇನಿಯಂ ಅದರಲ್ಲಿ ಸಿಕ್ಕಿತು. ತೊಳೆದ ಮೇಲೆ ಹಳೆಯ ಪಾತ್ರೆಯಲ್ಲೂ ಕಬ್ಬಿಣ ಕೆಲಸ ಮಾಡಲಿಲ್ಲ. ಅಂದರೆ ಅದು ಎಂದೂ ಮಾಡಿರಲೇ ಇಲ್ಲ; ಮಾಡಿದ್ದು ಆ ಅಂಟಿದ ರುಥೇನಿಯಂ.

ಸುಮಂತ ಬಾಗಿಲು ಹಾಕಿಕೊಂಡು ಕೇಳಿಸಿಕೊಂಡ. “ಇದು ನಮ್ಮಿಬ್ಬರಾಗೇ ಇರ್ಲಿ. ನಾ ಹೆಂಗರ ಮಾಡಿ ಸರಿ ಮಾಡ್ತೀನಿ,” ಎಂದ.

ಕೆಲವು ದಿನ ಅವಳು ಅವನ ಮಾತಿನಂತೆ ಕೆಲಸ ಮುಂದುವರಿಸಿದಳು. ಕೊನೆಗೆ ಶಂಭುಲಿಂಗಪ್ಪನವರಿಗೆ ಹೇಳಿಬಿಟ್ಟಳು. ಅವರು ಕಬ್ಬಿಣದ ಕೆಲಸ ನಿಲ್ಲಿಸಿ, ಹಳೆಯ ಪಾತ್ರೆಯಲ್ಲಿ ಮತ್ತೆ ರುಥೇನಿಯಂನಿಂದಲೇ ಔಷಧ ಮಾಡಿಸತೊಡಗಿದರು. ಸುಮಂತ ಹೈದರಾಬಾದಿನಲ್ಲಿ ಇದಕ್ಕಿಂತ ದೊಡ್ಡ ಹುದ್ದೆ ಹಿಡಿದು ಹೋದ. ಅವನಿಗೆ ಏನೂ ಆಗಲಿಲ್ಲ. ವೇದಶ್ರೀಯ ಪಕ್ಕ ಊಟದ ಡಬ್ಬಿ ಬಿಚ್ಚಲು ಮಾತ್ರ ಪ್ರಯೋಗಾಲಯದ ಸಹೋದ್ಯೋಗಿ ಹಸೀನಾ ಬೇಗಂ ಒಬ್ಬಳನ್ನು ಬಿಟ್ಟು ಬೇರಾರೂ ಬರದಾದರು.

ಆದರೂ ಅವಳು ಕಬ್ಬಿಣವನ್ನು ಬಿಡಲಿಲ್ಲ. ಕೆಲಸ ಮುಗಿದ ಮೇಲೆ ಕೂತು, ಆ ಲೋಹವನ್ನು ಹಿಡಿದಿಡುವ ಅಣುವನ್ನು ಬದಲಿಸಿ ಬದಲಿಸಿ ನೋಡಿದಳು. ಮರುವರ್ಷ ಒಂದು ಸಂಜೆ ಹೊಸ ಪಾತ್ರೆಯಿಂದ ಬಲಗೈಯ ಅಣುವೇ ಹೊರಬಂತು, ಎಡಗೈಯದು ಇಲ್ಲವೆನ್ನುವಷ್ಟು ಕಡಿಮೆ. ರುಥೇನಿಯಂಗಾಗಿ ಹುಡುಕಿದಳು; ಸುಳಿವೂ ಇರಲಿಲ್ಲ. ತನ್ನನ್ನೇ ನಂಬದೆ ಹಸೀನಾಳ ಕೈಯಿಂದ ಮೊದಲಿನಿಂದ ಎಲ್ಲ ಮಾಡಿಸಿದಳು. ಮತ್ತೆ ಅದೇ ಫಲಿತಾಂಶ.

ಮರುದಿನವೇ ದೇವದುರ್ಗದ ಬಸ್ಸು ಹತ್ತಿದಳು. ಗಿರಣಿಯ ಕಟ್ಟೆಯ ಮೇಲೆ ಶಂಭುಲಿಂಗಪ್ಪ ಚಹಾ ತರಿಸಿ ಎಲ್ಲವನ್ನೂ ಕೇಳಿದರು.

“ಯವ್ವಾ, ಆಗ್ತದ ಅಂತ ಸುಮಂತ ಅಂದ, ನಂಬಿದೆ. ಆಗಂಗಿಲ್ಲ ಅಂತ ನೀ ಅಂದಿ, ಅದನ್ನೂ ನಂಬಿದೆ. ಈಗ ಮತ್ತ ಆಗ್ತದ ಅಂತಿ. ನಾ ಭತ್ತ ಬಲ್ಲಾವ. ಇದರಾಗ ಎಷ್ಟು ಸಲ ನಂಬಲಿ?”

“ಅವತ್ತಿಂದೂ ಖರೇರಿ, ಇವತ್ತಿಂದೂ ಖರೇರಿ.”

“ಇರಬೋದು,” ಎಂದರು, ಸಿಟ್ಟಿಲ್ಲದೆ. ಹೊಸ ಪಾತ್ರೆಯನ್ನು ಮಾರಿ ಆಗಿದೆ, ಸೋಮವಾರ ಲಾರಿ ಬರುತ್ತದೆ ಎಂದೂ ಹೇಳಿದರು. ಅವತ್ತು ಸುಮಂತನ ಮಾತು ಕೇಳಿ ಸುಳ್ಳು ಹೇಳಿದ್ದರೆ ಚೆನ್ನಾಗಿತ್ತು ಎಂಬ ಯೋಚನೆ ಅವಳಿಗೆ ಮೊದಲ ಬಾರಿ ಬಂದದ್ದು ಆಗ, ಆ ಕಟ್ಟೆಯ ಮೇಲೆ.

ಕೊಂಡವರು ಬಣ್ಣ ತೆಳುಮಾಡುವ ದ್ರವ ತಯಾರಿಸುವವರು. ಪಾತ್ರೆ ನಡೆಸುವ ರೀತಿಯನ್ನು ವೇದಶ್ರೀಯೇ ತಿಳಿಸಿಕೊಡಬೇಕಾಯಿತು. ಇದರಲ್ಲಿ ಏನು ಮಾಡುತ್ತಿದ್ದಿರಿ ಎಂದು ಅವರ ಫಿಟ್ಟರ್ ಕೇಳಿದ. ವಿಶೇಷವೇನಿಲ್ಲ ಎಂದಳು. ಲಾರಿ ಹೋದ ಮೇಲೆ ಒಳಗೆ ಬಂದು, ಆ ದಿನದ ರುಥೇನಿಯಂ ತೂಗಲು ಕುಳಿತಳು.