ಯಾರಿಂದ, ಯಾರಿಗೆ, ಎಷ್ಟು ಹೊತ್ತು

ಬೆಳಗಿನಿಂದ ಒಬ್ಬರೂ ಬಂದು ನೆಟ್ ನಿಧಾನವಾಗಿದೆ ಎಂದು ಬೈದಿರಲಿಲ್ಲ. ಬುರುಲ್‌ಗೆ ಮೊದಲು ಅನುಮಾನ ಹುಟ್ಟಿದ್ದು ಅದರಿಂದ.

ಅಂಚೆ ಕಚೇರಿಯ ಹಿಂದಿನ ಕೋಣೆ ಅವಳದು. ಒಂದು ಕಬ್ಬಿಣದ ಬೀರು, ಅದರೊಳಗೆ ಹಸಿರು ದೀಪ ಮಿಟುಕಿಸುವ ಪೆಟ್ಟಿಗೆ, ಪಕ್ಕದಲ್ಲಿ ಪರದೆ, ಮೂಲೆಯಲ್ಲಿ ಬೆರಣಿಯ ಒಲೆ. ನಲವತ್ತೊಂದು ಮನೆಗಳ ಫೋನು, ಇಂಟರ್ನೆಟ್ಟು ಎಲ್ಲವೂ ಈ ಪೆಟ್ಟಿಗೆಗೆ ಬಂದೇ ಮುಂದೆ ಹೋಗಬೇಕು. ಊರಾಚೆಯ ಮಾತು ಕೋಕ್‌ಬೆಲ್ ಬೆಟ್ಟದ ನೆತ್ತಿಯ ತಟ್ಟೆ ಆಂಟೆನಾ ದಾಟಿ ಹೋಗುತ್ತದೆ. ಆ ತಟ್ಟೆಗೆ ಹಿಮ ಮೆತ್ತಿಕೊಂಡರೆ ಊರಿಗೆ ಕಿವಿಯೂ ಇಲ್ಲ, ಬಾಯಿಯೂ ಇಲ್ಲ. ಏಪ್ರಿಲ್ ಬಂದರೂ ಹಿಮ ಬಿಟ್ಟಿರಲಿಲ್ಲ. ಅದನ್ನು ಕೆರೆದು ಬರಲೆಂದು ಅವಳ ಗಂಡ ಎಸೆನ್ ನಿನ್ನೆ ಬೆಳಿಗ್ಗೆ ಕುದುರೆ ಹತ್ತಿ ಹೋಗಿದ್ದ. ಇವತ್ತು ಮಧ್ಯಾಹ್ನಕ್ಕೆ ಇಳಿದು ಬರಬೇಕು.

ಬರುತ್ತಾನೋ ಇಲ್ಲವೋ ಎಂಬ ಯೋಚನೆ ಅವಳಿಗೆ ಬಂದಿರಲಿಲ್ಲ. ಅವನ ಫೋನು ಉತ್ತರ ಕೊಡುತ್ತಿತ್ತು.

ಯಂತ್ರಗಳ ನಡುವೆ ಎಲ್ಲಕ್ಕಿಂತ ಚಿಕ್ಕ ಮಾತು ಒಂದಿದೆ. ಈ ಕಡೆಯದು ‘ಇದ್ದೀಯಾ’ ಎಂದು ಕೇಳುತ್ತದೆ. ಆ ಕಡೆಯದು ‘ಇದ್ದೇನೆ’ ಎನ್ನುತ್ತದೆ. ಹೋಗಿ ಬರಲು ಎಷ್ಟು ಹೊತ್ತಾಯಿತೆಂದು ಪರದೆಯ ಮೇಲೆ ಒಂದು ಸಾಲು ಮೂಡುತ್ತದೆ. ಅಷ್ಟೇ. ಗಂಡಹೆಂಡತಿ ಇದನ್ನೇ ಒಂದು ಕಟ್ಟಳೆ ಮಾಡಿಕೊಂಡಿದ್ದರು. ಮೇಲೆ ಹೋದವನು ಫೋನು ಮಾಡಬೇಕಾಗಿಲ್ಲ. ಆಂಟೆನಾ ಪಕ್ಕದ ಗುಡಿಸಲಿನಲ್ಲಿರುವ ಪೆಟ್ಟಿಗೆಗೆ ತನ್ನ ಫೋನನ್ನು ಸೇರಿಸಿದರೆ ಸಾಕು.

“ಮಾತಾಡ್ಬೇಕು ಅಂದ್ರೆ ಕೈಗವಸು ಬಿಚ್ಬೇಕು, ಬೆರಳು ಮರಗಟ್ಟತ್ತೆ,” ಎನ್ನುತ್ತಿದ್ದ ಎಸೆನ್. “ನಿನ್ ಮಿಷಿನ್ನು ನನ್ ಮಿಷಿನ್ನು ಮಾತಾಡ್ಕೊಳ್ಲಿ. ಜಗಳ ಬೇಕಾದ್ರೆ ಮನೇಗ್ ಬಂದ್ಮೇಲೆ ಆಡೋಣ.”

ಹತ್ತು ಸೆಕೆಂಡಿಗೊಂದು ಸಾಲು. ನಿನ್ನೆ ಮಧ್ಯಾಹ್ನದಿಂದ ಒಂದೂ ತಪ್ಪಿರಲಿಲ್ಲ.

ಏಳೂವರೆಗೆ ಅತ್ತೆ ಕಾಲಿಪಾ ಬಟ್ಟೆಯಲ್ಲಿ ಸುತ್ತಿದ ಬಿಸಿ ರೊಟ್ಟಿ ತಂದಿದ್ದಳು. “ಏನಂತಾನೆ ನನ್ ಮಗ?”

“ಇದ್ದೀನಿ ಅಂತಾನೆ, ಆಪಾ.”

“ಅಷ್ಟೇನಾ? ಹುಟ್ಟಿದಾಗಿಂದ ಅವಂದು ಅಷ್ಟೇ ಮಾತು. ನಿನ್ನ ಮದ್ವೆ ಆಗ್ತೀನಿ ಅಂತ ಹೇಳಕ್ಕೂ ಮೂರು ದಿನ ತಗೊಂಡ.” ಕಾಲಿಪಾ ನಗುತ್ತ ಹೋದಳು.

ಆಮೇಲೆ ಯಾರೂ ಬರಲಿಲ್ಲ. ಎಂಟು ದಾಟುತ್ತಿದ್ದಂತೆ ಪೆಟ್ಟಿಗೆಯ ದೀಪಗಳು ಹುಚ್ಚು ಹಿಡಿದಂತೆ ಮಿಟುಕತೊಡಗಿದವು. ಇಡೀ ಊರು ಒಟ್ಟಿಗೇ ಮಾತಾಡುತ್ತಿತ್ತು. ಇಷ್ಟು ಹೊರೆ ಬಿದ್ದರೆ ನೆಟ್ ತೆವಳುತ್ತದೆ. ತೆವಳಿದರೆ ಜನ ಕಿಟಕಿಗೆ ಬಂದು ಬೈಯುತ್ತಾರೆ. ಊರಿಗೆಲ್ಲ ಅವಳು ‘ಕೆಲಿನ್’, ಮನೆಸೊಸೆ; ಸೊಸೆಯನ್ನು ಬೈಯಲು ಮುಹೂರ್ತ ಬೇಕಾಗಿಲ್ಲ. ಇವತ್ತು ಕಿಟಕಿ ಖಾಲಿ.

ಅಂಚೆ ಕಚೇರಿಯ ಸೈಕಾಲ್, ಬುರುಲ್ ‘ಎಜೆ’, ಅಕ್ಕ, ಎಂದು ಕರೆಯುವವಳು, ದಿನವೂ ಬಾಗಿಲಲ್ಲೇ ನಿಂತು, “ನಿನ್ ನೆಟ್ಟಿಗಿಂತ ನನ್ ಕತ್ತೆ ವಾಸಿ ಕಣೇ, ಕಾಗ್ದ ಆದ್ರೂ ಮುಟ್ಸತ್ತೆ,” ಎಂದು ಶುರು ಮಾಡುವವಳು. ಹತ್ತು ಗಂಟೆಗೆ ಚಹಾದ ಬಟ್ಟಲು ಹಿಡಿದು ಸದ್ದಿಲ್ಲದೆ ಬಂದಳು. ಅದಕ್ಕೆ ಸಕ್ಕರೆಯ ಬದಲು ಮೂರು ಚಮಚ ಜಾಮು ಹಾಕಿದ್ದಳು. ಕಣ್ಣು ಕೆಂಪಾಗಿತ್ತು.

“ಏನಾಯ್ತು, ಎಜೆ?”

“ಏನಿಲ್ಲ. ಈರುಳ್ಳಿ ಹೆಚ್ಚಿದೆ.”

“ಪೋಸ್ಟಾಫೀಸಲ್ಲಾ?”

“ಕುಡಿಯೇ ಸುಮ್ನೆ. ಆರೋಗತ್ತೆ,” ಎಂದು ಸೈಕಾಲ್ ಗೋಡೆ ನೋಡುತ್ತ ಹೊರಟುಹೋದಳು.

ಹನ್ನೊಂದಕ್ಕೆ ಬಿಳಿಟೋಪಿ ಬಂದರು.

ಅವರು ಎಸೆನ್‌ನ ದೊಡ್ಡಪ್ಪ, ಊರಿನ ಹಿರಿಯ. ಗಂಡನ ಕಡೆಯ ಹಿರಿಯರ ಹೆಸರನ್ನು ಸೊಸೆಯಾದವಳು ನಾಲಿಗೆಯ ಮೇಲೆ ತರುವಂತಿಲ್ಲ. ಹಾಗಾಗಿ ಬುರುಲ್ ಒಬ್ಬೊಬ್ಬರಿಗೂ ಒಂದೊಂದು ಹೆಸರಿಟ್ಟುಕೊಂಡಿದ್ದಳು. ಪೆಟ್ಟಿಗೆಯ ಪಟ್ಟಿಯಲ್ಲೂ ಮನೆಗಳಿಗೆ ಅವೇ ಹೆಸರು: ಬಿಳಿಟೋಪಿ, ಕುಂಟಕುದುರೆ, ಉಪ್ಪಿನಚೀಲ. ಕೋಕ್‌ಬೆಲ್‌ನ ಆಚೆ ಮಗ್ಗುಲಿನ ಕುರಿಹಟ್ಟಿಯ ಹೆಸರು ಮೂರುನಾಯಿ. ನಗರದಿಂದ ತಪಾಸಣೆಗೆ ಬಂದ ಇಂಜಿನಿಯರು ಅದನ್ನು ನೋಡಿ ತಲೆ ಕೆರೆದುಕೊಂಡಿದ್ದ. “ಪಕ್ಕದ ದೇಶದೋರು ಕದ್ರೂ ಏನೂ ಸಿಗಲ್ಲ ಬಿಡಿ ಸಾರ್,” ಎಂದಿದ್ದ ಎಸೆನ್.

ಬಿಳಿಟೋಪಿ ಈ ಕೋಣೆಗೆ ಹಿಂದೆಂದೂ ಕಾಲಿಟ್ಟವರಲ್ಲ. ಬಾಗಿಲಲ್ಲಿ ಬಗ್ಗಿ ಒಳಗೆ ಬಂದು ಪರದೆಯನ್ನೇ ನೋಡಿದರು.

“ಇದ್ರಲ್ಲಿ ನಾವಾಡೋ ಮಾತು ನಿಂಗೆ ಕೇಳ್ಸತ್ತಾ, ಮಗಳೇ?”

“ಇಲ್ಲ ಅತಾ. ಮಾತನ್ನ ಇದು ಚೂರು ಚೂರು ಮಾಡಿ ಲಕೋಟೆಗೆ ಹಾಕತ್ತೆ. ನಂಗೆ ಲಕೋಟೆ ಮಾತ್ರ ಕಾಣ್ಸತ್ತೆ. ಯಾರಿಂದ, ಯಾರಿಗೆ, ಎಷ್ಟು ಹೊತ್ತು. ಒಳಗೇನಿದೆ ಗೊತ್ತಾಗಲ್ಲ.”

“ಒಳ್ಳೇದು.” ಮುದುಕರು ಉಸಿರು ಬಿಟ್ಟರು. “ಒಳ್ಳೇದಾಯ್ತು.” ಆಮೇಲೆ ಕೋಲಿನ ತುದಿಯಿಂದ ಪರದೆಯ ಬಲಭಾಗ ತೋರಿಸಿದರು. ಅಲ್ಲಿ ಸಾಲುಗಳು ಒಂದರ ಕೆಳಗೊಂದು ಮೂಡುತ್ತಿದ್ದವು. “ಇದೇನು?”

“ನಿಮ್ಮ ತಮ್ಮನ ಮಗ. ಕೋಕ್‌ಬೆಲ್‌ನಿಂದ ಉತ್ತರ ಕೊಡ್ತಿದ್ದಾರೆ.”

ಬಿಳಿಟೋಪಿಯವರ ಕೆನ್ನೆಯ ಕೆಂಪು ಇಳಿದುಹೋಗುವುದು ಅವಳಿಗೆ ಕಾಣಿಸಿತು.

“ಈಗ್ಲೂ?”

“ಈಗ್ಲೂ. ನೋಡಿ, ಇನ್ನೊಂದು ಬಂತು.”

ಮುದುಕರು ಎರಡೂ ಅಂಗೈಗಳಿಂದ ಮುಖ ಸವರಿಕೊಂಡು ತುಟಿಯಲ್ಲೇ ಏನೋ ಹೇಳಿಕೊಂಡರು. ಪರದೆಗೆ ಬೆನ್ನು ಹಾಕದೆ, ಹಿಂದಕ್ಕೇ ಹೆಜ್ಜೆಯಿಟ್ಟು ಹೊಸ್ತಿಲು ತಲುಪಿದರು. “ಮೂರು ಗಂಟೆಗೆ ಮನೇಗೆ ಬಂದಿರು, ಮಗಳೇ. ನಾವೊಂದು ನಾಲ್ಕು ಜನ ಚಹಾಕ್ಕೆ ಬರ್ತೀವಿ,” ಎಂದರು. ಕೋಲಿನ ಸದ್ದು ದೂರವಾಯಿತು.

ಬುರುಲ್ ಕುಳಿತೇ ಇದ್ದಳು.

ಹೀಗೆ ಹಿರಿಯರು ಗುಂಪಾಗಿ ಚಹಾಕ್ಕೆ ಬರುವುದು ಯಾವಾಗ ಎಂದು ಅವಳಿಗೆ ಗೊತ್ತಿತ್ತು. ಸಾವಿನ ಸುದ್ದಿಯನ್ನು ಇಲ್ಲಿ ಯಾರ ಕಿವಿಗೂ ಒಂಟಿಯಾಗಿ ಹಾಕುವುದಿಲ್ಲ. ಮೊದಲು ಹಿರಿಯರು ಸೇರಬೇಕು, ಕೇಳಬೇಕಾದವರ ರಕ್ತಸಂಬಂಧಿ ಪಕ್ಕದಲ್ಲಿ ಬಂದು ಕೂರಬೇಕು, ಆಮೇಲೆ ಹಿರಿಯನೊಬ್ಬ ಸುತ್ತುಬಳಸಿ ಹೇಳಬೇಕು. ಅಲ್ಲಿಯವರೆಗೆ ಊರಿಗೆ ಊರೇ ಬಾಯಿ ಕಟ್ಟಿಕೊಂಡಿರುತ್ತದೆ. ಅವಳ ಅಪ್ಪ ಸತ್ತಾಗ ಅವಳು ಬಿಷ್ಕೆಕ್‌ನ ಹಾಸ್ಟೆಲಿನಲ್ಲಿದ್ದಳು. ಅಮ್ಮನಿಗೆ ಸ್ವಲ್ಪ ಜ್ವರ, ಬಾ ಎಂದಿದ್ದರು. ಬಸ್ಸಿನಲ್ಲಿದ್ದ ಊರವರಿಗೆಲ್ಲ ಗೊತ್ತಿತ್ತು. ಡ್ರೈವರು ದಾರಿಯಲ್ಲಿ ಬಸ್ಸು ನಿಲ್ಲಿಸಿ ಅವಳಿಗೆ ಒಂದು ಚೀಲ ಸೇಬು ಕೊಂಡುಕೊಟ್ಟಿದ್ದ. ಎಷ್ಟು ಒಳ್ಳೆಯ ಮನುಷ್ಯ ಎಂದು ಅವಳು ಅಂದುಕೊಂಡಿದ್ದಳು.

ಚಹಾದ ಬಟ್ಟಲಿನ ತಳದಲ್ಲಿ ಜಾಮು ಹಾಗೇ ಕುಳಿತಿತ್ತು.

ಲೆಕ್ಕಕ್ಕೆ ಬೇಕಾಗದ ಹೊರತು ಅವಳು ಕರೆಗಳ ದಾಖಲೆ ತೆರೆಯುತ್ತಿರಲಿಲ್ಲ. ಈಗ ತೆರೆದಳು.

ಎಂಟು ಹತ್ತಕ್ಕೆ ಮೂರುನಾಯಿಯಿಂದ ಬಿಳಿಟೋಪಿಗೆ, ನಾಲ್ಕು ನಿಮಿಷ. ಎಂಟು ಹದಿನೈದಕ್ಕೆ ಬಿಳಿಟೋಪಿಯಿಂದ ಕುಂಟಕುದುರೆಗೆ. ಕುಂಟಕುದುರೆಯಿಂದ ಉಪ್ಪಿನಚೀಲಕ್ಕೆ, ಉಪ್ಪಿನಚೀಲದಿಂದ ಐದು ಮನೆಗೆ, ಆ ಐದರಿಂದ ಉಳಿದೆಲ್ಲಕ್ಕೆ. ನೆಲದ ಮೇಲೆ ಚೆಲ್ಲಿದ ನೀರು ಹರಿದಂತೆ ಸುದ್ದಿ ಹರಿದಿತ್ತು. ಒಂಬತ್ತರ ಹೊತ್ತಿಗೆ ಊರೆಲ್ಲ ತೊಯ್ದಿತ್ತು. ನಲವತ್ತು ಮನೆಗಳ ಮುಂದೆ ಅಂಕಿಗಳಿದ್ದವು. ಒಂದು ಮನೆಯ ಮುಂದೆ ಮಾತ್ರ ಸೊನ್ನೆ. ಅದು ಅವಳ ಮನೆ.

ಒಂಬತ್ತು ಇಪ್ಪತ್ತಕ್ಕೆ ಬಿಳಿಟೋಪಿಯಿಂದ ಕೊಚ್ಕೋರ್‌ಗೆ ಒಂದು ಕರೆ. ಹನ್ನೊಂದು ನಿಮಿಷ. ಅಲ್ಲಿನ ಸಂಖ್ಯೆಯನ್ನು ಅವಳು ಅಕ್ಷರ ಕಲಿಯುವ ಮೊದಲೇ ಬಾಯಿಪಾಠ ಮಾಡಿದ್ದಳು. ಅವಳ ತವರು.

ಅವಳು ಅಣ್ಣನ ಮೊಬೈಲಿಗೆ ಫೋನು ಮಾಡಿದಳು.

“ಬುರುಲ್ಚಾ!” ತಾಲಾಯ್ ಅರಚಿದ. ಅವನು ಫೋನಿನಲ್ಲಿ ಎಂದೂ ಅಷ್ಟು ಖುಷಿಯಾಗಿ ಮಾತಾಡಿದವನಲ್ಲ. “ಏನೇ, ಸೂರ್ಯ ಯಾವ ಕಡೆ ಹುಟ್ಟಿದಾನೆ ಇವತ್ತು, ಅಣ್ಣನ ನೆನಪಾಯ್ತು!”

“ಎಲ್ಲಿದ್ದೀಯ?”

“ಎಲ್ಲಿರ್ತೀನಿ? ಮನೇಲಿ. ಕುರಿ ಉಣ್ಣೆ ಕತ್ತರಿಸ್ತಾ ಇದೀನಿ.”

“ಈ ಚಳೀಲಿ, ಏಪ್ರಿಲಲ್ಲಾ?”

ಫೋನಿನ ಆಚೆ ಲಾರಿಯೊಂದು ಹಾರನ್ ಹೊಡೆದು ಹಿಂದಕ್ಕೆ ಸರಿಯಿತು. ಕಾರಿನ ಗಾಜಿಗೆ ಗಾಳಿ ಬಡಿಯುತ್ತಿತ್ತು. ಅದರ ಆಚೆ ಯಾರೋ ಬಾಯಿಗೆ ಬಟ್ಟೆ ಒತ್ತಿಕೊಂಡು ಬಿಕ್ಕುತ್ತಿದ್ದರು. ಅತ್ತಿಗೆ.

“ನೆಟ್ವರ್ಕ್ ಸರಿ ಇಲ್ಲ ನಿಮ್ಮೂರಂದು,” ಎಂದ ತಾಲಾಯ್. “ಇಡು, ಆಮೇಲ್ ಮಾಡ್ತೀನಿ.”

ನೆಟ್ವರ್ಕ್ ಸರಿಯಾಗಿತ್ತು. ಅದನ್ನು ಸರಿಯಾಗಿಡುವುದೇ ಅವಳ ಕೆಲಸ. ಎಸೆನ್ ಸತ್ತ ಸುದ್ದಿಯೂ ಅವಳ ಪೆಟ್ಟಿಗೆಯ ಮೂಲಕವೇ ಹೋಗಿತ್ತು, ಚೂರು ಚೂರಾಗಿ, ಅವಳ ಮೊಣಕೈಯಿಂದ ಗೇಣುದ್ದದಲ್ಲಿ. ದಾರಿಯಲ್ಲಿ ಕಳೆದ ಚೂರನ್ನು ಪೆಟ್ಟಿಗೆ ಮತ್ತೆ ಕೇಳಿ ತರಿಸಿಕೊಂಡಿರುತ್ತದೆ. ಒಂದು ಮಾತೂ ಪೋಲಾಗದಂತೆ ಎಲ್ಲರಿಗೂ ಮುಟ್ಟಿಸಿರುತ್ತದೆ.

ಬಲಗಡೆ ಸಾಲುಗಳು ಮೂಡುತ್ತಲೇ ಇದ್ದವು.

ಏನಾಗಿರಬಹುದೆಂದು ಅವಳಿಗೆ ಕಣ್ಣಿಗೆ ಕಟ್ಟಿದಂತೆ ಕಂಡಿತು. ಗುಡಿಸಲಿಗೆ ಸೌರಫಲಕವಿದೆ. ಫೋನನ್ನು ಅಲ್ಲೇ ಚಾರ್ಜಿಗೆ ಹಾಕಿ ಅವನು ತಟ್ಟೆ ಕೆರೆಯಲು ಹೊರಗೆ ಹೋಗಿದ್ದಾನೆ. ಅಂಚಿನಲ್ಲಿ ಕಟ್ಟಿಕೊಂಡ ಹಿಮ ನೆಲದಂತೆಯೇ ಕಾಣುತ್ತದೆ; ಆಚೆ ಮಗ್ಗುಲಿನ ಕುರುಬರಿಗೆ ಸಿಕ್ಕಿದ್ದಾನೆ ಎಂದರೆ ಆ ಕಡೆಗೇ ಜಾರಿದ್ದಾನೆ. ಇವತ್ತೋ, ನಿನ್ನೆ ಸಂಜೆಯೋ. ನಿನ್ನೆ ಸಂಜೆಯೇ ಆಗಿದ್ದರೆ, ರಾತ್ರಿ ಅವಳು ನೆಮ್ಮದಿಯಾಗಿ ನಿದ್ದೆ ಹೋದದ್ದು ಯಾರ ಮಾತು ನಂಬಿ?

‘ಇದ್ದೇನೆ’ ಎಂದಿತು ಬೆಟ್ಟ.

ಫೋನು ಸುಳ್ಳು ಹೇಳಿರಲಿಲ್ಲ. ಅದು ತನ್ನ ಮಾತು ಹೇಳಿತ್ತು. ಅದನ್ನು ಅವನ ಮಾತೆಂದು ತಿಳಿದವಳು ಅವಳು. ಬಿಸಿಲಿರುವವರೆಗೆ ಅದು ಹೇಳುತ್ತಲೇ ಇರುತ್ತದೆ, ನಾಳೆಯೂ, ನಾಡಿದ್ದೂ. ‘ಇದ್ದೀಯಾ’ ಎಂದು ಕೇಳುವುದನ್ನು ನಿಲ್ಲಿಸಲೆಂದು ಅವಳು ಕೀಲಿಮಣೆಯ ಮೇಲೆ ಬೆರಳಿಟ್ಟಳು. ಇನ್ನೊಂದು ಸಾಲು ಬಂತು. ಒತ್ತಲಿಲ್ಲ. ಒತ್ತಿದರೆ ಆ ಕಡೆಯದಕ್ಕೆ ಗೊತ್ತಾಗುತ್ತದೆ ಎನ್ನಿಸಿತು.

ಕೂಗಬೇಕೆನ್ನಿಸಲಿಲ್ಲ. ಕೂಗಿದರೆ ನಾಲ್ಕು ಮನೆ ಆಚೆ ಇರುವ ಕಾಲಿಪಾಗೆ ಕೇಳಿಸುತ್ತದೆ. ಒಬ್ಬನೇ ಮಗ. ಹಿರಿಯರಿಲ್ಲದೆ, ಪಕ್ಕದಲ್ಲಿ ಯಾರೂ ಇಲ್ಲದೆ, ಒಲೆಯ ಮುಂದೆ ಒಂಟಿಯಾಗಿ ಕೇಳಿಸಿಕೊಳ್ಳುತ್ತಾಳೆ. ಮುಂದಿನ ದಾರಿ ಸಿದ್ಧವಾಗಿಲ್ಲದಿದ್ದರೆ ಪೆಟ್ಟಿಗೆ ಬಂದದ್ದನ್ನು ತನ್ನಲ್ಲೇ ಇಟ್ಟುಕೊಳ್ಳುತ್ತದೆ. ಮೂರು ಗಂಟೆಯವರೆಗೆ ತಾನೂ ಇಟ್ಟುಕೊಳ್ಳಬೇಕು.

ಎರಡೂವರೆಗೆ ಬಾಗಿಲೆಳೆದುಕೊಂಡು ಹೊರಟಳು. ಬೀದಿಯಲ್ಲಿ ಕುಂಟಕುದುರೆ ಬೇಲಿ ಕಟ್ಟುತ್ತಿದ್ದವರು ಅವಳನ್ನು ಕಂಡು ಎದ್ದು ನಿಂತರು. ಸೊಸೆಗೆ ಯಾರೂ ಎದ್ದು ನಿಲ್ಲುವುದಿಲ್ಲ. ತಪ್ಪು ಹೊಳೆದು ಬಗ್ಗಿ ಮೊಳೆ ಹುಡುಕುವವರಂತೆ ಮಾಡಿದರು.

“ನೆಟ್ ಸರಿ ಇದ್ಯಾ ಅತಾ?” ಎಂದಳು.

“ಚಿನ್ನದ ಹಾಗಿದೆ ಮಗಳೇ. ಚಿನ್ನದ ಹಾಗೆ.”

ಮನೆಗೆ ಇನ್ನೂ ಇಪ್ಪತ್ತು ಹೆಜ್ಜೆ ಇರುವಾಗಲೇ ಕಾದ ಎಣ್ಣೆಯ ವಾಸನೆ ಬಂತು.

ಕಾಲಿಪಾ ಒಲೆಯ ಮುಂದೆ, ಬಾಗಿಲಿಗೆ ಬೆನ್ನು ಹಾಕಿ ನಿಂತಿದ್ದಳು. ತಿರುಗಲಿಲ್ಲ. “ಬಂದ್ಯಾ? ಏನಂತಾನೆ ಅವನು?”

“ಇದ್ದೀನಿ ಅಂತಾನೆ, ಆಪಾ.”

“ಹೂಂ.”

ಮೇಜಿನ ಮೇಲೆ ಒಂದು ತಟ್ಟೆ, ಮೇಲೊಂದು ಬಟ್ಟೆ. ಚಹಾಕ್ಕೆ ಅಣಿ ಮಾಡೋಣವೆಂದು ಬುರುಲ್ ಬಟ್ಟೆ ಎತ್ತಿದಳು. ಎಣ್ಣೆಯಲ್ಲಿ ಕರಿದ ಪುಟ್ಟ ರೊಟ್ಟಿಗಳು. ಎಣಿಸಬಾರದೆಂದುಕೊಂಡೇ ಎಣಿಸಿದಳು. ಏಳು. ಏಳು ರೊಟ್ಟಿ ಕರಿಯುವುದು ಸತ್ತವರಿಗೆ. ಆ ವಾಸನೆ ಅವರಿಗೆ ಮುಟ್ಟುತ್ತದೆಂದು ಗುರುವಾರ ಮನೆಮನೆಯಲ್ಲೂ ಕರಿಯುತ್ತಾರೆ. ಇವತ್ತು ಮಂಗಳವಾರ.

ಕಾಲಿಪಾಳ ಕೈ ಬಂದು ಬಟ್ಟೆಯನ್ನು ಮತ್ತೆ ಹೊದಿಸಿತು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಅತ್ತೆಗೆ ಯಾರು ಹೇಳಿದರೋ, ಯಾರೂ ಹೇಳದೆ ತಾಯಿಗೆ ತಾನಾಗಿಯೇ ಗೊತ್ತಾಯಿತೋ.

“ಎಣ್ಣೆ ಹಳೇದಾಗಿತ್ತು,” ಎಂದಳು ಕಾಲಿಪಾ. “ಸುಮ್ನೆ ಹಾಳಾಗತ್ತಲ್ಲ ಅಂತ.”

“ಹೌದು, ಆಪಾ.”

“ನೀನು ಊಟ ಮಾಡಿಲ್ಲ ಅನ್ಸತ್ತೆ.”

“ಹಸಿವಿಲ್ಲ, ಆಪಾ.”

ಹೊರಗೆ ಕಾರೊಂದು ನಿಂತಿತು. ಆಮೇಲೆ ಹೆಜ್ಜೆಗಳು, ಕೋಲಿನ ಸದ್ದು, ತಾಲಾಯ್‌ನ ಕೆಮ್ಮು. ಕಾಲಿಪಾ ಬೇಗಬೇಗನೆ ಕೈ ಒರೆಸಿಕೊಂಡು ಸೊಸೆಯ ಕಿವಿಯ ಹತ್ತಿರ ಬಗ್ಗಿದಳು. “ಕೇಳಿಲ್ಲಿ. ಅವರು ಹೇಳೋವರ್ಗೂ ನಂಗೇನೂ ಗೊತ್ತಿಲ್ಲ, ನಿಂಗೂ ಗೊತ್ತಿಲ್ಲ. ಬೆಳಗಿಂದ ಹೇಗ್ ಹೇಳೋದು ಅಂತ ಒದ್ದಾಡಿರ್ತಾರೆ, ಪಾಪ. ಪೂರ್ತಿ ಹೇಳಕ್ ಬಿಡು.”

ಗಂಡಸರು ಬಂದು ಗೋಡೆಯುದ್ದಕ್ಕೂ ಕುಳಿತರು. ತಾಲಾಯ್ ತಂಗಿಯ ಭುಜಕ್ಕೆ ಭುಜ ತಾಗುವಂತೆ ಕುಳಿತ. ಯಾರೂ ಚಹಾ ಮುಟ್ಟಲಿಲ್ಲ. ಬಿಳಿಟೋಪಿ ಕೋಲನ್ನು ಮಂಡಿಯ ಮೇಲೆ ಅಡ್ಡ ಇಟ್ಟುಕೊಂಡರು.

“ನಮ್ ಲಾಯದಲ್ಲಿ ಒಂದ್ ಕುದುರೆ ಇತ್ತು,” ಎಂದು ಶುರು ಮಾಡಿದರು. “ಹಿಮಕ್ಕೆ ಹೆದರ್ತಿರ್ಲಿಲ್ಲ...”

ಅಲ್ಲಿಂದ ಮುಂದಕ್ಕೆ ಹೋಗಲು ಅವರಿಂದ ಆಗಲಿಲ್ಲ.

ಬುರುಲ್ ಅತ್ತೆಯ ಕೈ ಹಿಡಿದುಕೊಂಡಳು.

“ಯಾವ ಕುದುರೆ, ಅತಾ?” ಎಂದು ಕೇಳಿದಳು.