ತಮ್ಮನ ಮೇಲೆ ಕೂತದ್ದು

ಬಿಳಿಯರು ನನ್ನ ತಮ್ಮ ಒನ್ಯೆಕ್ವೆರೆಯ ತಲೆಗೊಂದು ಟೋಪಿ ಹಾಕಿ ಊರಿನ ಮುಖ್ಯಸ್ಥನನ್ನಾಗಿ ಮಾಡಿದರು. ಅವನು ಊರಿಗೆಲ್ಲ ಟೋಪಿ ಹಾಕಿದ. ಹಿಂದೆ ಗಂಡಸರನ್ನು ಎಣಿಸಿದರು, ಬೆನ್ನಿಗೇ ತಲೆಗಂದಾಯ ಬಂತು. ಈಗ ಹೆಂಗಸರ ಸರದಿಯಂತೆ. ಅವರ ಕೋರ್ಟಿನಲ್ಲಿ ಕೂರಲು ನಮಗೊಂದು ಮಣೆ ಇಲ್ಲ, ಕಂದಾಯಕ್ಕೆ ಮಾತ್ರ ನಾವು ಬೇಕು!

ನನ್ನ ಮಗಳು ಉರೆದಿಯ ಆಗ ಬಸುರಿ. ಎಣಿಸಲು ಬಂದವರಿಗೆ, "ಹೊಟ್ಟೇಲಿರೋದನ್ನೂ ಬರ್ಕೊಳ್ತೀರಾ?" ಅಂದಳು. ತಮ್ಮನ ಕಣ್ಣೆದುರೇ ಅವನ ಆಳು ಅವಳನ್ನು ಹೊಡೆದು ಕೆಡವಿದ. ಬಸಿರು ಹೋಯಿತು. ಸೋದರಮಾವ ಅನ್ನಿಸಿಕೊಂಡವನು ನೋಡಲೂ ಬರಲಿಲ್ಲ. ಆ ಟೋಪಿ ಅವನ ತಲೆಯ ಮೇಲೆ ಉಳಿಯಬಾರದು ಎಂದು ಅವತ್ತೇ ತೀರ್ಮಾನಿಸಿದೆ.

ನಾವು ಇಗ್ಬೊ ಹೆಂಗಸರು, ಅನ್ಯಾಯ ಮಾಡಿದ ಗಂಡಸಿನ 'ಮೇಲೆ ಕೂರುತ್ತೇವೆ': ತಪ್ಪೊಪ್ಪುವ ತನಕ ಅವನ ಮನೆ ಮುತ್ತಿ, ಹಾಡಿ ಹಂಗಿಸಿ, ಗೋಡೆ ಕುಟ್ಟುತ್ತೇವೆ. ತಾಳೆಯ ಎಳೆಗರಿ ಮನೆಯಿಂದ ಮನೆಗೆ ಹೋದರೆ ಸಾಕು, ಒಲೆಯ ಮೇಲಿನ ಗೆಡ್ಡೆಯನ್ನೂ ಬಿಟ್ಟು ಎಲ್ಲರೂ ಬರಬೇಕು. ಬಂದರು. ಮುಖಕ್ಕೆ ಬೂದಿ, ಕೈಯಲ್ಲಿ ಒನಕೆ.

ಅವನ ಹೆಸರೇ ನಮಗೆ ಹಾಡಾಯಿತು. ಬದುಕುತ್ತದೆಂದು ಯಾರೂ ಒಪ್ಪದ ಕೂಸಿಗೆ ಅಪ್ಪ ಇಟ್ಟ ಹೆಸರು ಅದು, 'ಯಾರು ಒಪ್ಪಿದರು?' ಎಂದೇ ಅರ್ಥ.

"ಟೋಪಿ ಹಾಕ್ಕೊಂಡ್ಯಲ್ಲೋ, ಯಾರು ಒಪ್ಪಿದ್ರು?" ಒನಕೆ ಗೋಡೆಗೆ ಬಿತ್ತು.

"ನಮ್ಮನ್ನ ಎಣಿಸ್ತೀಯಲ್ಲೋ, ಯಾರು ಒಪ್ಪಿದ್ರು?" ಮಣ್ಣು ಉದುರಿತು.

ಗೋಡೆ ಬಿರಿಯುವಾಗ ತಮ್ಮ ಹೊರಗೆ ಬಂದ. ಗಂಡಸು ತಪ್ಪೊಪ್ಪಿಕೊಂಡರೆ ಒನಕೆ ಇಳಿಸುವುದು ಪದ್ಧತಿ. ಅದು ಅವನಿಗೂ ಗೊತ್ತು, ಕಳ್ಳ!

"ತಪ್ಪಾಯ್ತು ತಾಯಂದಿರಾ, ಎಣಿಸಲ್ಲ. ಮನೆಗೆ ಹೋಗಿ."

ಒನಕೆಗಳು ಇಳಿದವು. ನನ್ನದು ಇಳಿಯಲಿಲ್ಲ.

"ಯಾರಿಗೆ ತಪ್ಪಾಯ್ತು? ಹೆಸರು ಹಿಡಿದು ಹೇಳು."

"ಅಕ್ಕಾ, ಎಲ್ಲರ ಮುಂದೆ ಬೇಡ. ನಿನ್ನ ಬೆನ್ನ ಮೇಲೆ ಬೆಳೆದೋನು ನಾನು."

"ಬೆಳೆಸಿದ್ದೇ ತಪ್ಪಾಯ್ತು. ಟೋಪಿ ತೆಗಿ."

"ಬಿಳಿ ದೊರೆ ಕೊಟ್ಟಿದ್ದು. ನಿಂಗೆ ಹೇಗೆ ಕೊಡ್ಲಿ?"

"ಹಾಕೋವಾಗ ಅವನು ನನ್ನ ಕೇಳಿದ್ನಾ? ಕಿತ್ಕೊಳ್ಳೋವಾಗ ನಾನೂ ಕೇಳಲ್ಲ."

ಕಿತ್ತೆ. ಅವನ ಮನೆಯ ಒರಳಿಗೇ ಹಾಕಿ, ಮೊದಲ ಪೆಟ್ಟು ಉರೆದಿಯಳಿಂದ ಹಾಕಿಸಿದೆ. ಆಮೇಲೆ ಎಲ್ಲರೂ ಕುಟ್ಟಿದರು. ಸುಳ್ಳೇಕೆ ಹೇಳಲಿ, ಅಂಥ ಸುಖ ನನಗೆ ಯಾವ ಹಬ್ಬದಲ್ಲೂ ಸಿಕ್ಕಿರಲಿಲ್ಲ.

ತಮ್ಮ ಬರಿತಲೆಯಲ್ಲಿ ನನ್ನ ಮುಂದೆ ಬಂದು ನಿಂತ. "ಇನ್ನು ಬಿಳಿಯರೂ ನನ್ನ ಬಿಡಲ್ಲ. ನಂಗಿರೋದು ನೀನೊಬ್ಬಳೇ. ಟೋಪಿ ಹೋದ್ರೂ ನಾನು ನಿನ್ನ ತಮ್ಮ ಅಲ್ವಾ, ಅಕ್ಕಾ?"

"ಅಲ್ಲ," ಅಂದೆ. "ನನ್ನ ಮೊಮ್ಮಗುವನ್ನ ಕೊಂದೋನು."