ರಟ್ಟಿನ ಕೀಬೋರ್ಡು

"ಏ ಹುಲಿಗೀ, ನಿನ್ನ ಹೆಣಾ ಎತ್ತಲಿ! ಆ ಮಷೀನ್ ಮುಟ್ಟಬ್ಯಾಡ ಅಂತ ಎಷ್ಟ್ ಸಲಾ ಬಡಕೋಬೇಕೇ ನಿನಗ? ಕಸಾ ಹೊಡಿಯೂ ಕೈ ಕಸಬರಗಿ ಮ್ಯಾಲಿರ್ಲಿ!"

ಹುಲಿಗೆವ್ವ ಕೈ ಹಿಂದಕ್ಕೆ ಎಳೆದುಕೊಂಡಳು. ಅವಳು ಮುಟ್ಟಿದ್ದು ಕಂಪ್ಯೂಟರನ್ನಲ್ಲ, ಅದಕ್ಕೆ ಹೊದಿಸಿದ್ದ ಕಸೂತಿ ಬಟ್ಟೆಯ ಅಂಚನ್ನು.

"ಅರಿಬಿ ಜಾರಿ ಬೀಳಾಕತ್ತಿತ್ರಿ ಬಾಯಾರ."

"ಬಿದ್ರ ಬೀಳ್ಲಿ. ನೀ ಮುಟ್ಟಿದ್ದನ್ನ ಮತ್ತ ನಾ ತೊಳೀಬೇಕು. ನಡಿ, ಬಾಲ್ಕನ್ಯಾಗ ಬಟ್ಟಿ ಹಂಗ ಬಿದ್ದಾವ."

ಕೋಲ್ಕತ್ತದ ಕಸ್ಬಾ ಬಡಾವಣೆಯಲ್ಲಿ, ನಾಲ್ಕನೇ ಮಹಡಿಯ ಆ ಫ್ಲ್ಯಾಟಿನಲ್ಲಿ, ಹುಲಿಗೆವ್ವನಿಗೆ ಆಗಲೇ ಎರಡು ವರ್ಷ ತುಂಬಿತ್ತು. ಯಜಮಾನರು ಸುಬ್ರಹ್ಮಣ್ಯ, ಕೇಂದ್ರ ಸರ್ಕಾರದ ಆಫೀಸರು. ಹುಬ್ಬಳ್ಳಿಯಿಂದ ಇಲ್ಲಿಗೆ ವರ್ಗವಾಗಿ ಬಂದಾಗ ಮನೆಯ ಸಾಮಾನೆಲ್ಲ ಲಾರಿಯಲ್ಲಿ ಬಂತು, ಹುಲಿಗೆವ್ವ ರೈಲಿನಲ್ಲಿ ಬಂದಳು. ಹೆಂಡತಿ ಸುಭದ್ರಾಬಾಯಿ, ಮಗಳು ಶ್ರೀರಕ್ಷಾ, ಎಂಟನೇ ಕ್ಲಾಸು. ಹುಲಿಗೆವ್ವ ಬಟ್ಟೆ ಒಗೆಯಬೇಕು, ನೆಲ ಒರೆಸಬೇಕು, ಕಕ್ಕಸು ತೊಳೆಯಬೇಕು. ಅಡುಗೆಮನೆಯ ಹೊಸಿಲು ಮಾತ್ರ ದಾಟಬಾರದು. ಅವಳ ತಟ್ಟೆ ಬಾಲ್ಕನಿಯಲ್ಲಿ, ಅವಳ ಚಾಪೆಯೂ ಬಾಲ್ಕನಿಯಲ್ಲಿ.

ಅಷ್ಟು ದೊಡ್ಡ ಊರಿನಲ್ಲಿ ಅವಳ ಜತೆ ಮಾತಾಡುವ ಒಂದು ನರಪಿಳ್ಳೆಯೂ ಇರಲಿಲ್ಲ. ಲಿಫ್ಟಿನವನು 'ದೀದಿ' ಅನ್ನುತ್ತಿದ್ದ, ಅಷ್ಟೇ; ಮುಂದಿನದು ಅವಳಿಗೆ ತಿಳಿಯುತ್ತಿರಲಿಲ್ಲ. ಕನ್ನಡ ಕೇಳುತ್ತಿದ್ದದ್ದು ಮನೆಯೊಳಗೆ ಮಾತ್ರ, ಅದೂ ಬರೀ ಅಪ್ಪಣೆಯಾಗಿ. ತಗಿ, ಇಡು, ಒರಸು, ಹಾಳಾಗಿ ಹೋಗು. ಒಮ್ಮೊಮ್ಮೆ ಬಟ್ಟೆ ಹಿಂಡುತ್ತ ತನ್ನ ಹೆಸರನ್ನು ತಾನೇ ಕರೆದುಕೊಳ್ಳುತ್ತಿದ್ದಳು, ಅವ್ವ ಕರೆಯುತ್ತಿದ್ದ ಹಾಗೆ ಎಳೆದು: 'ಹುಲಿಗೆವ್ವಾ...' ಆಮೇಲೆ ಯಾರಾದರೂ ಕೇಳಿಸಿಕೊಂಡರೇನೋ ಎಂದು ಹೆದರಿ ಸುತ್ತ ನೋಡುತ್ತಿದ್ದಳು.

ಇಂಥವಳು ಕಂಪ್ಯೂಟರ್ ಕಲಿತವಳು ಎಂದರೆ ಯಾರು ನಂಬುತ್ತಾರೆ? ಆದರೆ ಅವಳ ಟ್ರಂಕಿನಲ್ಲಿ ಸರ್ಟಿಫಿಕೇಟಿತ್ತು. ಎಸ್ಸೆಸ್ಸೆಲ್ಸಿ ಮುಗಿದ ಮೇಲೆ ಊರ ಶಾಲೆಯಲ್ಲೇ ಎರಡು ವರ್ಷದ ಉದ್ಯೋಗ ಕೋರ್ಸು, ಫಸ್ಟ್ ಕ್ಲಾಸು, ಕೆಳಗೆ ಹೆಡ್‌ಮಾಸ್ತರ್ ಬದರಿನಾಥರ ಹಸಿರು ಶಾಯಿಯ ಸಹಿ. ಬದರಿನಾಥರು ಸುಭದ್ರಾಬಾಯಿಯ ಸ್ವಂತ ಅಣ್ಣ. ಹುಲಿಗೆವ್ವನನ್ನು ಇಲ್ಲಿಗೆ ಕಳಿಸಿದವರೂ ಅವರೇ. ಕೇರಿಗೆ ಬಂದು, ದೂರ ನಿಂತು, ಅವಳಪ್ಪನಿಗೆ ಹೇಳಿದ್ದರು: "ಒಂದ್ ವರ್ಷ ನಮ್ಮ ತಂಗಿ ಮನ್ಯಾಗಿರ್ಲಿ. ಅಲ್ಲೆ ನ್ಯೂ ಟೌನ್ ಅಂತ ಕಟ್ಟಲಿಕ್ಕತ್ತಾರ, ಬರೇ ಕಂಪ್ಯೂಟರ್ ಆಫೀಸು. ನಮ್ಮ ಸುಬ್ರಹ್ಮಣ್ಯ ಒಂದ್ ಮಾತ್ ಹೇಳಿದ್ರ ನೌಕರಿ ಕೈಯಾಗ."

ಆ ಒಂದು ಮಾತು ಎರಡು ವರ್ಷವಾದರೂ ಸುಬ್ರಹ್ಮಣ್ಯರ ಬಾಯಿಂದ ಹೊರಬಿದ್ದಿರಲಿಲ್ಲ.

ಇನ್ನು ಶಾಲೆಯ ಕಥೆ. ಸರ್ಕಾರದಿಂದ ಎಂಟು ಕಂಪ್ಯೂಟರ್ ಬಂದಾಗ ಲಾರಿಯಿಂದ ಡಬ್ಬ ಇಳಿಸಿದವರು ಕೇರಿಯ ಹುಡುಗರೇ. ಇಳಿಸಿಟ್ಟ ಮೇಲೆ ಕೋಣೆಗೆ ಬೀಗ ಬಿತ್ತು. ವೋಲ್ಟೇಜಿಲ್ಲ, ಸುಟ್ಟು ಹೋದಾವು ಎಂದರು ಹೆಡ್‌ಮಾಸ್ತರು. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ! ವರ್ಷಕ್ಕೊಮ್ಮೆ, ಆಯುಧ ಪೂಜೆಯ ದಿನ, ಬೀಗ ತೆಗೆಯುತ್ತಿದ್ದರು. ಮಕ್ಕಳೆಲ್ಲ ಚಪ್ಪಲಿ ಬಿಟ್ಟು ಸಾಲಾಗಿ ನಿಲ್ಲಬೇಕು. ಎಂಟು ಹೊದಿಕೆಗಳಿಗೆ ಕುಂಕುಮ, ಹೂವು, ಕಾಯಿ. ಹುಲಿಗೆವ್ವ ಮತ್ತು ಕೇರಿಯ ಇನ್ನಿಬ್ಬರು ಬಾಗಿಲಾಚೆ ನಿಂತು ಕೈ ಮುಗಿಯುತ್ತಿದ್ದರು. ಹೊದಿಕೆ ತೆಗೆದದ್ದನ್ನು ಯಾರೂ ನೋಡಿರಲಿಲ್ಲ.

ಟೈಪಿಂಗ್ ಕಲಿಸಿದ್ದು ರಟ್ಟಿನ ಮೇಲೆ. ಬೂಟಿನ ಡಬ್ಬ ಕತ್ತರಿಸಿ, ಅದರ ಮೇಲೆ ಇಂಗ್ಲಿಷ್ ಅಕ್ಷರಗಳ ಮನೆ ಬರೆದು, ಬೆರಳಿಟ್ಟು ಒತ್ತಬೇಕು. ಪಾಠ ಒಂದೇ: ಸೈಕಲ್ ಕಳೆದುಹೋಗಿದೆ ಎಂದು ಪೊಲೀಸ್ ಇನ್‌ಸ್ಪೆಕ್ಟರಿಗೆ ಬರೆಯುವ ಅರ್ಜಿ. ಕಣ್ಣು ಹಾಳೆಯ ಮೇಲಿರಬೇಕು, ತಲೆ ಎತ್ತಿದರೆ ಮೇಷ್ಟ್ರ ರೂಲ್‌ಪಟ್ಟಿ ಬೆರಳ ಗೆಣ್ಣಿಗೆ. ಶಾಯಿ ಅಳಿಸಿ ಹೋಗುವಷ್ಟು ಒತ್ತುತ್ತಿದ್ದಳು ಹುಲಿಗೆವ್ವ. ಅಳಿಸಿದರೆ ಮತ್ತೆ ಬರೆಯುವಳು. ಎರಡು ವರ್ಷದಲ್ಲಿ ಐದು ರಟ್ಟು ಸವೆದವು. ಪ್ರಾಕ್ಟಿಕಲ್ ಪರೀಕ್ಷೆಗೆ ಬಂದ ಪ್ರಶ್ನೆ: ಕಂಪ್ಯೂಟರಿನ ಚಿತ್ರ ಬರೆದು ಭಾಗಗಳನ್ನು ಹೆಸರಿಸಿ. ಬಣ್ಣದ ಪೆನ್ಸಿಲ್ಲಿನಲ್ಲಿ ಬರೆದು ನೂರಕ್ಕೆ ತೊಂಬತ್ತೆರಡು ತೆಗೆದಳು. ಶಾಲೆಗೆ ನೂರಕ್ಕೆ ನೂರು ಫಲಿತಾಂಶ ಬಂದು ಬದರಿನಾಥರ ಫೋಟೋ ಪೇಪರಿನಲ್ಲಿ ಬಂತು.

ಆ ಸೆಪ್ಟೆಂಬರಿನಲ್ಲಿ ಶ್ರೀರಕ್ಷಾ ಪೇಪರಿನ ಜಾಹೀರಾತೊಂದನ್ನು ಓದಿ ಹೇಳಿದಳು. ನ್ಯೂ ಟೌನಿನಲ್ಲಿ ಡಾಟಾ ಎಂಟ್ರಿ ಕೆಲಸ, ಟೈಪಿಂಗ್ ಟೆಸ್ಟ್, ಯಾರು ಬೇಕಾದರೂ ಬರಬಹುದು. ಹುಲಿಗೆವ್ವ ಮೂರು ದಿನ ಧೈರ್ಯ ಕೂಡಿಸಿಕೊಂಡು ಕೇಳಿದಳು. ಸುಭದ್ರಾಬಾಯಿ ನಕ್ಕಳು.

"ಹೋಗವಾ, ಹೋಗಿ ಬಾ. ಒಮ್ಮೆ ಹಣೇಬಾರ ನೋಡ್ಕೊಂಡ್ ಬಂದ್ರ ನನ್ನ ತಲಿ ತಿನ್ನೋದಾರ ತಪ್ಪತದ. ಬಟ್ಟಿ ಒಣಾ ಹಾಕಿ ಹೋಗು."

ಎರಡು ಬಸ್ಸು ಬದಲಿಸಿ ಹೋದಳು. ಹೊಲದ ನಡುವೆ ಗಾಜಿನ ಕಟ್ಟಡಗಳು ಎದ್ದಿದ್ದವು, ರಸ್ತೆ ಇನ್ನೂ ಪೂರ್ತಿಯಾಗಿರಲಿಲ್ಲ. ಐದನೇ ಮಹಡಿಯ ಕೋಣೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋದಳು. ಇಪ್ಪತ್ತು ಜನ, ಇಪ್ಪತ್ತು ಕಂಪ್ಯೂಟರು. ಒಂದಕ್ಕೂ ಹೊದಿಕೆ ಇರಲಿಲ್ಲ. ಅವಳಿಗೆ ಕಣ್ಣು ತುಂಬಿ ಬಂತು.

ಟೈ ಕಟ್ಟಿದವನೊಬ್ಬ ಎಲ್ಲರಿಗೂ ಹಾಳೆ ಹಂಚಿ ಇಂಗ್ಲಿಷಿನಲ್ಲಿ ಗಡಗಡ ಏನೋ ಹೇಳಿದ. ಎಲ್ಲರೂ ಮೇಜಿನ ಕೆಳಗೆ ಬಗ್ಗಿದರು. ಚಪ್ಪಲಿ ಬಿಡುತ್ತಿದ್ದಾರೆ ಅಂದುಕೊಂಡಳು ಹುಲಿಗೆವ್ವ. ತಾನು ಹೊರಗೇ ಬಿಟ್ಟು ಬಂದಿದ್ದೇನಲ್ಲ ಎಂದು ಸಮಾಧಾನವೂ ಆಯಿತು. 'ಸ್ಟಾರ್ಟ್' ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಕಣ್ಣು ಹಾಳೆಯ ಮೇಲೆ, ಬೆರಳು ಕೀಲಿಗಳ ಮೇಲೆ. ರಟ್ಟಿನಂತಲ್ಲ ಅದು, ಒತ್ತಿದರೆ ಒಳಗೆ ಇಳಿಯುತ್ತಿತ್ತು, ಬಿಟ್ಟರೆ ಮೇಲೆ ಬರುತ್ತಿತ್ತು. ಹತ್ತೂ ಬೆರಳು ಹರಿದವು. ಒಮ್ಮೆಯೂ ತಲೆ ಎತ್ತಲಿಲ್ಲ. ಅಕ್ಕಪಕ್ಕದವರು ಅರ್ಧ ಹಾಳೆಯಲ್ಲಿದ್ದಾಗ ಅವಳದು ಮುಗಿದಿತ್ತು. ಎದ್ದು ನಿಂತಳು. ಎರಡು ವರ್ಷದಲ್ಲಿ ಮೊದಲ ಸಲ ಅವಳ ಮುಖದಲ್ಲಿ ನಗು ಇತ್ತು.

ಟೈಯವನು ಬಂದು ನೋಡಿದ. ಅವಳನ್ನು ನೋಡಿದ. ಮತ್ತೆ ತೆರೆ ನೋಡಿದ.

"ಅರೇ, ಆನ್ ಹೀ ನಹೀಂ ಕಿಯಾ!"

ತೆರೆ ಕಪ್ಪಗಿತ್ತು. ಅವಳು ಒಂದು ಹಾಳೆ ಪೂರ್ತಿ ಟೈಪು ಮಾಡಿದ್ದು ಹಚ್ಚದ ಕಂಪ್ಯೂಟರಿನ ಮೇಲೆ. ಹಿಂದಿನ ಸಾಲಿನಿಂದ ನಗು ಹುಟ್ಟಿ ಮುಂದಿನ ಸಾಲಿಗೆ ಬಂತು. ಒಬ್ಬಳು ಕರವಸ್ತ್ರದಿಂದ ಕಣ್ಣೊರೆಸಿಕೊಂಡು ನಕ್ಕಳು. ಟೈಯವನು ಅವಳ ಸರ್ಟಿಫಿಕೇಟು ಓದಿ, "ಫಸ್ಟ್ ಕ್ಲಾಸ್! ಕೌನ್ ಸಾ ಸ್ಕೂಲ್ ಹೈ ಭಾಯ್?" ಎಂದು ಎಲ್ಲರಿಗೂ ಕಾಣುವ ಹಾಗೆ ಎತ್ತಿ ಹಿಡಿದ. ಹುಲಿಗೆವ್ವ ಅದನ್ನು ಕಿತ್ತುಕೊಂಡು ಹೊರಗೆ ಬಂದಳು. ಇಳಿಯುವಾಗ ಚಪ್ಪಲಿ ನೆನಪಾಗಲಿಲ್ಲ. ಬರಿಗಾಲಲ್ಲೇ ಬಸ್ಸು ಹತ್ತಿದಳು.

ಕೇಳಿದ್ದಕ್ಕೆ ಹುಲಿಗೆವ್ವ ನಡೆದದ್ದು ಹೇಳಿಬಿಟ್ಟಳು; ಆ ಸಂಜೆಯಿಂದ ಸುಭದ್ರಾಬಾಯಿಗೆ ಅದೇ ಕಥೆ. ಫೋನಿನಲ್ಲಿ ಊರಿಗೆ ಹೇಳಿದಳು, ಪಕ್ಕದ ಫ್ಲ್ಯಾಟಿಗೆ ಹಿಂದಿಯಲ್ಲಿ ಹೇಳಿದಳು. ಶ್ರೀರಕ್ಷಾಳೂ ಮೊದಲು ನಕ್ಕಳು. ಆಮೇಲೆ ಏನನಿಸಿತೋ, ಒಂದು ಮಧ್ಯಾಹ್ನ ಅಮ್ಮ ಮಲಗಿದ್ದಾಗ ಹುಲಿಗೆವ್ವನನ್ನು ಕೋಣೆಗೆ ಕರೆದಳು.

"ಲುಕ್, ಇಲ್ಲಿ ಕೆಳಗೆ ಪ್ರೆಸ್. ಆಮೇಲೆ ಈ ಬ್ಲೂ ಪಿಕ್ಚರ್ ಇದೆ ನಾ, ಅದ್ರ ಮೇಲೆ ಎರಡು ಸಲ ಕ್ಲಿಕ್. ದಟ್ಸ್ ಆಲ್."

"ಇಷ್ಟನಾ?"

"ಇಷ್ಟೇ."

ಬಾಲ್ಕನಿಗೆ ಬಂದು ಹುಲಿಗೆವ್ವ ಒಣಗಿದ ಸೀರೆಯಲ್ಲಿ ಮುಖ ಮುಚ್ಚಿ ಅತ್ತಳು. ಶಾಲೆಯಲ್ಲಿ ಎರಡು ವರ್ಷ ಯಾರೂ ಹೇಳದೆ ಉಳಿಸಿದ್ದು ಅಷ್ಟೇ ಅಷ್ಟು.

ದಸರೆಗೆ ಕೋಲ್ಕತ್ತದ ದುರ್ಗಾಪೂಜೆ ನೋಡಲು ಬದರಿನಾಥರೇ ಬಂದರು. ಬೀದಿಯಲ್ಲಿ ಬಿದಿರಿನ ಪೆಂಡಾಲು, ಢಾಕ್ ಎಂಬ ಡೋಲು ಬಾರಿಸುವವರ ಗದ್ದಲ. ಆಯುಧ ಪೂಜೆಯ ಹಿಂದಿನ ದಿನ ಸುಭದ್ರಾಬಾಯಿ ಲೇಕ್ ಮಾರ್ಕೆಟ್ಟಿನಿಂದ ಬಾಳೆಎಲೆ, ಮಲ್ಲಿಗೆ ತಂದಳು. ಮಂಡಿನೋವು ಅವಳಿಗೆ, ಬಗ್ಗಲಾಗದು.

"ಹುಲಿಗೀ, ಕಂಪ್ಯೂಟರ್ ಹಿಂದ ಧೂಳು ಕೂತದ, ಒಣಾ ಬಟ್ಟೀಲೆ ತಗಿ. ಇವತ್ತೊಂದಿನ ಮುಟ್ಟು. ನಾಳೆ ಹೆಂಗೂ ನಾ ಗಂಗಾಜಲ ಚಿಮುಕಸ್ತೀನಿ."

ಹುಲಿಗೆವ್ವ ಪೆಟ್ಟಿಗೆಯನ್ನು ಮೆಲ್ಲಗೆ ತಿರುಗಿಸಿ ಬೆನ್ನು ಒರೆಸಿದಳು. ಧೂಳಿನ ಕೆಳಗೆ ಬಿಳಿ ಪೇಂಟು. ಶಾಲೆಯ ಬೆಂಚಿನ ಮೇಲೆ, ಬಕೀಟಿನ ಮೇಲೆ, ಗಂಟೆಯ ಮೇಲೆ ಇರುತ್ತಿದ್ದ ಅದೇ ಅಕ್ಷರ, ಅದೇ ಕೈಬರಹ. ಶಾಲೆಯ ಹೆಸರು. ಕೆಳಗೆ: ಸಂಖ್ಯೆ ೪.

ಬಟ್ಟೆ ಹಿಡಿದ ಕೈ ಅಲ್ಲೇ ನಿಂತಿತು. ಹಾಗಾದರೆ ಶಾಲೆಯಲ್ಲಿ ಬಾಗಿಲಾಚೆ ನಿಂತು ಅವಳು ಕೈ ಮುಗಿದ ನಾಲ್ಕನೇ ಹೊದಿಕೆಯ ಕೆಳಗೆ ಏನಿತ್ತು? ಖಾಲಿ ಡಬ್ಬವೇ? ಉಳಿದ ಏಳರ ಕೆಳಗೆ? ಅವಳಿಗೆ ಸಿಟ್ಟು ಬಂತು. ಅಂಥ ಸಿಟ್ಟು ಅವಳಿಗೆ ಹಿಂದೆಂದೂ ಬಂದಿರಲಿಲ್ಲ, ಏನು ಮಾಡಬೇಕೋ ತಿಳಿಯದೆ ಪೆಟ್ಟಿಗೆಯನ್ನು ಇದ್ದ ಹಾಗೇ ತಿರುಗಿಸಿಟ್ಟಳು.

ಮರುದಿನ ಪೂಜೆಗೆ ಮನೆಯವರ ಪರಿಚಯದ ಪ್ರೊಫೆಸರ್ ಪುರುಷೋತ್ತಮ ಮತ್ತು ಅವರ ಹೆಂಡತಿ ರುಕ್ಮಿಣಿ ಬಂದಿದ್ದರು. ಶ್ರೀರಕ್ಷಾಳ ಕೋಣೆಯಲ್ಲೇ ಎಲ್ಲರೂ ಸೇರಿದರು. ಬದರಿನಾಥರು ಮಡಿ ಉಟ್ಟು ಕಂಪ್ಯೂಟರಿಗೆ ಕುಂಕುಮ ಹಚ್ಚಿದರು, ಸುಭದ್ರಾಬಾಯಿ ಮಡಿಸೀರೆಯಲ್ಲಿ ಆರತಿ ತಟ್ಟೆ ಹಿಡಿದು ನಿಂತಳು. ಹುಲಿಗೆವ್ವ ಅತಿಥಿಗಳ ಎಂಜಲು ಕಾಫಿಲೋಟ ತೆಗೆಯಲು ಬಾಗಿಲಿಗೆ ಬಂದಳು.

"ಈಗಿನ ಸಾಲಿ ಹುಡುಗ್ರಿಗೆ ಕೆಲಸಾನ ಬರೂದಿಲ್ಲ ಅಂತೀರಲ್ಲ, ಪ್ರೊಫೆಸರ್ರ," ಎಂದರು ಬದರಿನಾಥರು. "ನಮ್ಮಲ್ಲೆ ಹಂಗಿಲ್ಲ. ನೂರಕ್ಕ ನೂರು ತಯಾರಾಗಿ ಹೊರಗ ಬರ್ತಾರ. ನೋಡ್ರಿ, ಅಲ್ಲೆ ನಿಂತಾಳ ನಮ್ಮ ಪ್ರಾಡಕ್ಟು!"

"ಹಚ್ಚಲಾರದ ಮಷೀನಿನ ಮ್ಯಾಲೆ ಇಡೀ ಹಾಳಿ ಟೈಪ್ ಮಾಡಿ ಬಂದಾಳ್ರೀ!" ಎಂದಳು ಸುಭದ್ರಾಬಾಯಿ.

"ಏನ್ ಮಾಡೂದು," ಬದರಿನಾಥರು ನಕ್ಕರು. "ನಾವು ವಿದ್ಯಾ ಕೊಡಬಹುದು. ಮಿದಳು ಎಲ್ಲಿಂದ ತರೋಣು? ಕೇರಿ ಬುದ್ಧಿ ಕೇರಿಯಾಗ."

ಎಲ್ಲರೂ ನಕ್ಕರು. ಹುಲಿಗೆವ್ವ ಲೋಟಗಳನ್ನು ನೆಲಕ್ಕಿಟ್ಟಳು. ಒಳಗೆ ಬಂದಳು. ಶ್ರೀರಕ್ಷಾಳ ಕುರ್ಚಿ ಎಳೆದು ಕೂತಳು. ಬಗ್ಗಿ ಗುಂಡಿ ಒತ್ತಿದಳು. ತೆರೆಗೆ ಜೀವ ಬಂತು.

"ಏ! ಏ ರಂಡೆ, ಏಳ ಮ್ಯಾಲೆ! ಪೂಜಾ ದಿವಸ ಹಚ್ಚಬಾರದು ಅದನ್ನ!"

"ಎಲ್ಡ್ ವರ್ಸ ಇದಕ್ಕ ಬರೇ ಕೈ ಮುಗದೀನ್ರಿ ಬಾಯಾರ. ಇವತ್ತ ಮುಟ್ತೀನಿ."

ಮೌಸು ಹಿಡಿದು ಸರಿಸಿದಳು. ಬಾಣ ಒಮ್ಮೆ ತಪ್ಪಿತು, ಎರಡನೇ ಸಲ ನೀಲಿ ಚಿತ್ರದ ಮೇಲೆ ಕೂತಿತು. ಬಿಳಿ ಹಾಳೆ ತೆರೆಯಿತು. ಹುಲಿಗೆವ್ವ ತಲೆ ತಗ್ಗಿಸಿ ಹತ್ತೂ ಬೆರಳು ಇಟ್ಟಳು.

ಸುಭದ್ರಾಬಾಯಿ ಮುಂದೆ ಬಂದು ನಿಂತುಬಿಟ್ಟಳು. ಎಬ್ಬಿಸಬೇಕೆಂದರೆ ಅವಳನ್ನು ಮುಟ್ಟಬೇಕು. ಆರತಿ ಇನ್ನೂ ಆಗಿರಲಿಲ್ಲ. ಬದರಿನಾಥರೂ ಮಡಿ ಪಂಚೆ ಸಾವರಿಸಿಕೊಂಡು ಎರಡು ಹೆಜ್ಜೆ ಹಿಂದೆ ಸರಿದರು.

ತೆರೆಯ ಮೇಲೆ ಸಾಲುಗಳು ಮೂಡತೊಡಗಿದವು. ಶ್ರೀರಕ್ಷಾ ಅಭ್ಯಾಸಬಲದಿಂದ ಗಟ್ಟಿಯಾಗಿ ಓದಿದಳು.

"ಟು, ದಿ ಇನ್‌ಸ್ಪೆಕ್ಟರ್ ಆಫ್ ಪೊಲೀಸ್... ಸರ್, ಸಬ್ಜೆಕ್ಟ್, ಲಾಸ್ಟ್ ಕಂಪ್ಯೂಟರ್... ನಂಬರ್ ಫೋರ್... ವೈಟ್ ಪೇಂಟ್ ಆನ್ ದಿ ಬ್ಯಾಕ್..." ಅವಳು ನಿಲ್ಲಿಸಿ ಕೇಳಿದಳು, "ಅಮ್ಮಾ, ಇದು ಮಾಮನ ಸ್ಕೂಲಿನ ಹೆಸರಲ್ವಾ?"

ಪುರುಷೋತ್ತಮರು ಕನ್ನಡಕ ಸರಿಮಾಡಿಕೊಂಡು ಪೆಟ್ಟಿಗೆಯ ಹಿಂದೆ ಬಗ್ಗಿ ನೋಡಿದರು. ನೆಟ್ಟಗಾದರು. ಸುಬ್ರಹ್ಮಣ್ಯರು ಕಿಟಕಿಯ ಕಡೆ ತಿರುಗಿದರು.

"ಹಲ್ಕಟ್ ಸೂಳೀಮಗಳ! ನಿಮ್ಮಪ್ಪನ್ನ ಊರಾಗ ಉಳಿಯಾಕ ಬಿಡ್ತೀನೇನು ನಾ?" ಎಂದು ಕೂಗಿದ ಬದರಿನಾಥರು ಗೋಡೆಯ ಕಡೆಗೆ ಧಾವಿಸಿ ಪ್ಲಗ್ಗು ಕಿತ್ತೆಸೆದರು. "ಬರಿ ಈಗ! ಬರಿ!"

ತೆರೆ ಕಪ್ಪಾಯಿತು.

ಅಪ್ಪನ ಮೇಲಿನ ಬೆದರಿಕೆ ಕೇಳಿ ಹುಲಿಗೆವ್ವನ ಬೆರಳುಗಳು ಒಂದು ಗಳಿಗೆ ತಡೆದವು. ಆಮೇಲೆ ಮತ್ತೆ ಹೊರಟವು. ಅರ್ಜಿ ಇನ್ನೂ ಮುಗಿದಿರಲಿಲ್ಲ. ಕತ್ತಲ ತೆರೆಯ ಮುಂದೆ ಬರೆಯುವುದು ಅವಳಿಗೆ ಹೊಸದಲ್ಲ, ಶಾಲೆ ಅವಳಿಗೆ ಕಲಿಸಿದ್ದೇ ಅದನ್ನು. ತಲೆ ಎತ್ತಲಿಲ್ಲ. ಕೋಣೆಯಲ್ಲಿ ಟಕಟಕ ಸದ್ದೊಂದೇ ಉಳಿಯಿತು.

ಶ್ರೀರಕ್ಷಾ ಕಪ್ಪು ತೆರೆಯಿಂದ ಕಣ್ಣು ಇಳಿಸಿ ಆ ಬೆರಳುಗಳನ್ನು ನೋಡಿದಳು. ಅವು ಹೋದಲ್ಲೆಲ್ಲ ಅವಳ ಕಣ್ಣೂ ಹೋಯಿತು. ಕಡೆಯ ಸಾಲು, ಸಹಿ ಹಾಕುವ ಜಾಗ.

"ಎಚ್," ಎಂದಳು ಹುಡುಗಿ ಮೆಲ್ಲಗೆ. "ಯು... ಎಲ್... ಐ..."

ಸುಭದ್ರಾಬಾಯಿ ಮಗಳ ಬಾಯಿ ಮುಚ್ಚಿದಳು. ಹುಲಿಗೆವ್ವನ ಕೈ ಹಿಡಿದು ತಡೆಯಲು ಯಾರೂ ಬರಲಿಲ್ಲ.